ಹೆಸರು ನಮ್ಮದು, ಬರೆದವರು ಬೇರೆಯವರು

(ಲೋಕಿಕೆರೆಯಲ್ಲಿ ಮಿಲ್ಲಿನ ಕೆಲಸಗಾರರು ಮತ್ತು ಸಣ್ಣ ವ್ಯಾಪಾರಿಗಳು ಸೇರಿದ್ದ ಸಂಜೆಯ ಕೂಟದಲ್ಲಿ ಆಡಿದ ಮಾತುಗಳ ಬರಹರೂಪ)



ಭತ್ತದ ಧಾರಣೆಯ ಮೇಲೆ ಮಾತಾಡಿರೆಂದು ಕೆಲವರು, ಕೂಲಿ ದರದ ಮೇಲೆ ಮಾತಾಡಿರೆಂದು ಕೆಲವರು ನಮಗೆ ಹೇಳಿದ್ದರು. ನಾವು ಹೆಸರಿನ ವಿಷಯ ಮಾತಾಡುತ್ತೇವೆ ಎಂದಾಗ ಕಿರಾಣಿ ಅಂಗಡಿಯ ಮಿತ್ರರೊಬ್ಬರು, "ಹೆಸರು ಈಗ ಕ್ವಿಂಟಾಲಿಗೆ ಎಷ್ಟು ನಡೀತಿದೆ ಅಂತ ನಮಗೇ ಗೊತ್ತಲ್ರಿ, ಅದಕ್ಕೆ ಭಾಷಣ ಯಾಕೆ?" ಎಂದರು. ಆ ಹೆಸರುಕಾಳಿನ ಮಾತಲ್ಲ. ಮನುಷ್ಯನ ಹೆಸರಿನ ಮಾತು. ಕಾಳಿಗೆ ಮಾರುಕಟ್ಟೆಯಲ್ಲಿ ತೂಕ ಉಂಟು, ಧಾರಣೆ ಉಂಟು. ಮನುಷ್ಯನ ಹೆಸರಿಗೂ ನಮ್ಮ ಸಮಾಜದಲ್ಲಿ ತೂಕ ಉಂಟು, ಧಾರಣೆ ಉಂಟು. ತೂಗುವ ತಕ್ಕಡಿ ಮಾತ್ರ ಯಾವಾಗಲೂ ಬೇರೆಯವರ ಕೈಯಲ್ಲಿ. ಇದು ನಮ್ಮ ಇಂದಿನ ವಿಷಯ.

ಕೆಲವು ತಿಂಗಳ ಹಿಂದೆ ಒಬ್ಬ ಹಿರಿಯರು ನಮ್ಮಲ್ಲಿಗೆ ಬಂದರು. ಮುಚ್ಚಿಹೋದ ಒಂದು ಹತ್ತಿ ಮಿಲ್ಲಿನಲ್ಲಿ ನೂಲುವ ಖಾತೆಯಲ್ಲಿ ದುಡಿದವರು. ಅವರ ನಿಜವಾದ ಹೆಸರು ಇಲ್ಲಿ ಬೇಡ; ಹನುಮಂತಪ್ಪ ಎಂದಿಟ್ಟುಕೊಳ್ಳೋಣ, ನಮ್ಮ ಸೀಮೆಯಲ್ಲಿ ಆ ಹೆಸರಿಗೆ ಬರವಿಲ್ಲ. ಪ್ಲಾಸ್ಟಿಕ್ ಚೀಲದಿಂದ ನಾಲ್ಕು ಕಾಗದ ತೆಗೆದು ಮೇಜಿನ ಮೇಲೆ ಇಟ್ಟರು. ಮಿಲ್ಲಿನ ಹಾಜರಿ ಚೀಟಿಯಲ್ಲಿ ಅವರು 'ಹನುಮ'. ಮತದಾರರ ಪಟ್ಟಿಯಲ್ಲಿ 'ಹನುಮಂತಪ್ಪ'. ಬ್ಯಾಂಕಿನ ಪುಸ್ತಕದಲ್ಲಿ 'ಎಲ್. ಹನುಮಂತ'. ಆಧಾರ್ ಕಾರ್ಡಿನಲ್ಲಿ ಅಪ್ಪನ ಹೆಸರು, ಊರ ಹೆಸರು ಎಲ್ಲ ಬಿಡಿಸಿ ಬರೆದು ಒಂದು ಸಾಲು ಹಿಡಿಸದಷ್ಟು ಉದ್ದ. ಮನುಷ್ಯ ಒಬ್ಬ, ದುಡಿದ ಕೈ ಎರಡು, ಹೆಸರು ನಾಲ್ಕು. ಭವಿಷ್ಯನಿಧಿಯ ಹಣಕ್ಕೆ ಅರ್ಜಿ ಹಾಕಿದರೆ ಹೆಸರು ತಾಳೆಯಾಗುವುದಿಲ್ಲ ಎಂದು ಅರ್ಜಿ ವಾಪಸು. ತಿದ್ದಿಸಬೇಕಾದರೆ ಮಾಲೀಕನೂ ಕೆಲಸಗಾರನೂ ಸೇರಿ ಜಂಟಿ ಘೋಷಣೆ ಕೊಡಬೇಕೆಂಬುದು ಕ್ರಮ. ಮಿಲ್ಲಿನ ಬಾಗಿಲಿಗೆ ಬೀಗ ಬಿದ್ದು ಎಷ್ಟೋ ವರ್ಷವಾಗಿದೆ. ಜಂಟಿಯಾಗಿ ನಿಲ್ಲುವ ಮಾಲೀಕನನ್ನು ಆ ಮುದುಕ ಎಲ್ಲಿಂದ ಕರೆತರಬೇಕು?

ಆ ಹಾಜರಿ ಪುಸ್ತಕದಲ್ಲಿ 'ಹನುಮ' ಎಂದು ಬರೆದವರು ಯಾರೆಂದು ಕೇಳಿದೆವು. "ಕ್ಲಾರ್ಕು ಬರಕೊಂಡ್ರು. ನನ್ನನ್ನೇನು ಕೇಳಲಿಲ್ಲ. ನಮ್ಮವರನ್ನೆಲ್ಲ ಹಂಗೇ ಬರೀತಿದ್ರು" ಎಂದರು. 'ನಮ್ಮವರನ್ನೆಲ್ಲ' ಎಂಬ ಆ ಒಂದು ಮಾತಿನಲ್ಲಿ ನಾವು ಇಂದು ಹೇಳಬೇಕಾದ ಮುಕ್ಕಾಲು ಪಾಲು ಅಡಗಿದೆ.

ಅದಕ್ಕೆ ಬರುವ ಮೊದಲು ಮನೆಯಿಂದ ಪ್ರಾರಂಭಿಸೋಣ. ಹೆಸರು ಹುಟ್ಟುವುದು ತೊಟ್ಟಿಲಲ್ಲಿ. ಸೋದರತ್ತೆ ಮಗುವಿನ ಕಿವಿಯಲ್ಲಿ ಹೆಸರು ಕೂಗುತ್ತಾಳೆ, ಸುತ್ತ ನಿಂತ ಹೆಂಗಸರು ಅವಳ ಬೆನ್ನಿಗೆ ಗುದ್ದುತ್ತಾರೆ. ಹೆಸರಿಡುವ ಗೌರವ ಸುಮ್ಮನೆ ಸಿಗುವುದಿಲ್ಲ, ಪೆಟ್ಟು ತಿನ್ನಬೇಕು! ಮೊದಲ ಗಂಡಿಗೆ ಅಜ್ಜನ ಹೆಸರು, ಹೆಣ್ಣಿಗೆ ಅಜ್ಜಿಯ ಹೆಸರು ಇಡುವ ವಾಡಿಕೆ ಬಹಳ ಮನೆಗಳಲ್ಲಿ ಉಂಟು. ಆದರೆ ಮಾವನ ಹೆಸರನ್ನು ಸೊಸೆ ಬಾಯಲ್ಲಿ ಹೇಳುವಂತಿಲ್ಲ. ಆದ್ದರಿಂದ ಮಗನಿಗೆ ಮಾವನ ಹೆಸರಿಟ್ಟ ತಾಯಿ ಅವನನ್ನು ಆ ಹೆಸರು ಬಿಟ್ಟು ಅಪ್ಪಾಜಿ, ಅಜ್ಜಯ್ಯ, ಪುಟ್ಟ ಎಂದು ಏನೋ ಒಂದು ಕರೆಯುತ್ತಾಳೆ. ಗಂಡನ ಹೆಸರಂತೂ ಒಡಪು ಕಟ್ಟಿಯೇ ಹೇಳಬೇಕು. ಮದುವೆಮನೆಯಲ್ಲಿ ಹೊಸಿಲಿಗೆ ಅಡ್ಡ ನಿಂತು, ಗಂಡನ ಹೆಸರು ಹೇಳದೆ ಒಳಗೆ ಬಿಡುವುದಿಲ್ಲವೆಂದು ಹಟ ಹಿಡಿಯುವುದನ್ನು ನೀವೆಲ್ಲ ಕಂಡವರೇ. ಗಂಡ ಮಾತ್ರ ಹೆಂಡತಿಯನ್ನು ದಿನಕ್ಕೆ ನೂರು ಸಲ ಹೆಸರು ಹಿಡಿದು ಕೂಗಬಹುದು, ಅವನಿಗೆ ಒಡಪಿನ ಕಷ್ಟವಿಲ್ಲ.

ನಮ್ಮ ಸೀಮೆಯ ಹೆಸರುಗಳನ್ನು ಬರೆದಿಟ್ಟರೆ ಜಾತ್ರೆಗಳ ಪಟ್ಟಿಯೇ ಆಗುತ್ತದೆ. ಉಚ್ಚಂಗಿದುರ್ಗಕ್ಕೆ ನಡೆದುಕೊಳ್ಳುವವರ ಮನೆಯಲ್ಲಿ ಉಚ್ಚಂಗೆಪ್ಪ, ಉಚ್ಚಂಗೆಮ್ಮ. ಉಕ್ಕಡಗಾತ್ರಿಗೆ ಹರಕೆ ಹೊತ್ತವರಲ್ಲಿ ಕರಿಬಸಪ್ಪ. ಕೊಟ್ಟೂರಿನ ಒಕ್ಕಲು ಕೊಟ್ರೇಶ, ಕೊಟ್ರಮ್ಮ. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯ ಹೆಸರಿನಲ್ಲಿ ಚಿತ್ರದುರ್ಗದಿಂದ ಇಲ್ಲಿಯವರೆಗೆ ತಿಪ್ಪೇಸ್ವಾಮಿ, ತಿಪ್ಪಣ್ಣ, ತಿಪ್ಪಮ್ಮ. ಇನ್ನು ಹುಟ್ಟಿದ ಮಕ್ಕಳು ಉಳಿಯದ ಮನೆಯಲ್ಲಿ ಸಾವಿನ ಕಣ್ಣು ತಪ್ಪಿಸಲೆಂದು ಕಲ್ಲಪ್ಪ, ಗುಂಡಪ್ಪ, ಅಡಿವೆಪ್ಪ, ಹುಚ್ಚಪ್ಪ ಎಂದು ಇಟ್ಟರು. ಚೆನ್ನಾದ ಹೆಸರಿಟ್ಟರೆ ಯಮನಿಗೆ ಆಸೆಯಾದೀತೆಂಬ ಭಯ. ಆ ಹೆಸರುಗಳನ್ನು ಕೇಳಿ ಪೇಟೆಯ ಹುಡುಗರು ನಗುತ್ತಾರೆ. ಅದು ಒಂದೊಂದು ತಾಯಿಯ ಕಣ್ಣೀರಿನ ಲೆಕ್ಕ ಎಂಬುದು ಅವರಿಗೆ ತಿಳಿಯದು.

ಮತದ ಗೋಡೆಯೂ ತೊಟ್ಟಿಲಿನ ಹತ್ತಿರ ಅಷ್ಟು ಗಟ್ಟಿಯಾಗಿ ನಿಲ್ಲಲಿಲ್ಲ. ಮೊಹರಂ ದೇವರಿಗೆ ಹರಕೆ ಹೊತ್ತು ಹುಟ್ಟಿದ ಮಗುವಿಗೆ ಫಕ್ಕೀರಪ್ಪ, ಹುಸೇನಪ್ಪ ಎಂದು ಹೆಸರಿಟ್ಟ ಹಿಂದೂ ಮನೆಗಳು ಉತ್ತರದ ಜಿಲ್ಲೆಗಳಲ್ಲಿ ಎಷ್ಟೋ ಇವೆ. ನಮ್ಮ ಹೊಲದ ಕಾಗದಗಳನ್ನೇ ನೋಡಿ: 'ಬಸಪ್ಪ ಬಿನ್ ಸಿದ್ದಪ್ಪ' ಎಂದಿರುತ್ತದೆ. ಈ 'ಬಿನ್' ಅರಬ್ಬಿ ಮಾತು, ಮಗ ಎಂದು ಅರ್ಥ. ಯಾವ ಮಠದ ಒಕ್ಕಲಾದರೂ, ಯಾವ ಗುಡಿಯ ಪೂಜಾರಿಯಾದರೂ ಹೊಲದ ಒಡೆತನ ಸಾಧಿಸಬೇಕಾದರೆ ಅರಬ್ಬಿಯಲ್ಲಿಯೇ ಅಪ್ಪನ ಮಗನಾಗಬೇಕು! ಹರಿಹರದ ಹೆಸರೇ ಹರಿ ಮತ್ತು ಹರ ಎಂಬ ಇಬ್ಬರನ್ನು ಒಂದು ಮೂರ್ತಿಯಲ್ಲಿ ಕೂಡಿಸಿದ ಹೆಸರು. ಹೊಯ್ಸಳರ ದಂಡನಾಯಕ ಪೋಲಾಳ್ವ ಅಲ್ಲಿ ಗುಡಿ ಕಟ್ಟಿಸಿದ್ದು 1224ರ ಸುಮಾರಿಗೆ. ಎರಡು ಪಂಗಡದವರು ಒಂದೇ ಹೆಸರಿನ ಊರಿನಲ್ಲಿ ಬಾಳಿದರು.

ಊರಿನ ಹೆಸರಿನ ಮಾತು ಬಂದದ್ದಕ್ಕೆ ಒಂದು ಪಕ್ಕದ ಮಾತು. ಲೋಕಿಕೆರೆಯಲ್ಲಿಯೂ ಕೆರೆ ಇದೆ, ದಾವಣಗೆರೆಯಲ್ಲಿಯೂ ಕೆರೆ ಇದೆ. ದಾವಣಗೆರೆಯಲ್ಲಿ 'ಕೆರೆ' ಹೋಗಿ 'ಗೆರೆ' ಆಯಿತು. ಇದಕ್ಕೆ ವ್ಯಾಕರಣದಲ್ಲಿ ಆದೇಶ ಸಂಧಿ ಎನ್ನುತ್ತಾರೆ. ಆ ಆದೇಶ ಲೋಕಿಕೆರೆಯವರೆಗೆ ಬಂದು ಮುಟ್ಟಲೇ ಇಲ್ಲ. ಸರಕಾರದ ಆದೇಶಗಳೂ ಹಾಗೆಯೇ, ದಾವಣಗೆರೆಯಲ್ಲಿಯೇ ನಿಂತುಬಿಡುತ್ತವೆ ಎಂದು ಇಲ್ಲಿಯ ಮೇಷ್ಟರೊಬ್ಬರು ಹೇಳಿದ್ದನ್ನು ನಾವು ಮರೆತಿಲ್ಲ. ಆ ದಾವಣಗೆರೆಗೆ ಹತ್ತಿ ಮಿಲ್ಲುಗಳಿದ್ದಾಗ ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಹೆಸರಿತ್ತು. ಮಿಲ್ಲುಗಳು ಒಂದೊಂದಾಗಿ ಮುಚ್ಚಿದ ಮೇಲೆ ಈಗ ಬೆಣ್ಣೆದೋಸೆಯ ಊರು ಎನ್ನುತ್ತಾರೆ. ಮಗ್ಗದ ಮುಂದೆ ನಿಂತವನ ಮಗ ಕಾವಲಿಯ ಮುಂದೆ ನಿಂತಿದ್ದಾನೆ ಎಂಬುದು ಆ ಎರಡು ಹೆಸರುಗಳ ನಡುವಿನ ಕಥೆ.

ಇನ್ನು ಬಾಲದ ವಿಷಯ. ನಮ್ಮ ಹೆಸರುಗಳಿಗೆ ಒಂದು ಬಾಲ ಇರುತ್ತದೆ: ಅಪ್ಪ, ಅಣ್ಣ, ಅಯ್ಯ, ಅಮ್ಮ, ಅವ್ವ, ಅಕ್ಕ. ಇವು ನಂಟಿನ ಮಾತುಗಳು. ನಿನ್ನೆ ಹುಟ್ಟಿದ ಕೂಸನ್ನೂ 'ಬಸಪ್ಪ' ಎಂದು ಕರೆದಾಗ ಅದನ್ನು ಅಪ್ಪ ಎಂದು ಕರೆದಂತಾಯಿತು. ಇಂಥ ಒಳ್ಳೆಯ ಪದ್ಧತಿ ಬಹಳ ನಾಡುಗಳಲ್ಲಿ ಇಲ್ಲ. ಆದರೆ ಈ ಅಪ್ಪ ಎಂಬುದು ಎಲ್ಲರಿಗೂ ಸಿಕ್ಕಿತೆ? ಹಳೆಯ ಕಂದಾಯದ ಪುಸ್ತಕಗಳನ್ನು, ಜೀತದ ಪತ್ರಗಳನ್ನು ತೆಗೆದು ನೋಡಿ. ಊರ ಒಳಗಿನವರು ದುರುಗಪ್ಪ, ಕೆಂಚಪ್ಪ, ಹನುಮಂತಪ್ಪ. ಕೇರಿಯವರು ದುರುಗ, ಕೆಂಚ, ಹನುಮ. ಹೆಣ್ಣುಮಕ್ಕಳು ಒಳಗೆ ದುರುಗಮ್ಮ, ಹೊರಗೆ ದುರುಗಿ. ದೇವತೆ ಒಬ್ಬಳೇ, ಹರಕೆ ಒಂದೇ, ಜಾತ್ರೆ ಒಂದೇ. ಬರೆಯುವವನು ಮಾತ್ರ ಕೇರಿಯ ಹತ್ತಿರ ಬಂದಾಗ ಎರಡು ಅಕ್ಷರ ಉಳಿಸಿಕೊಂಡ. ಮಸಿ ಉಳಿಯಲೆಂದು ಉಳಿಸಿದ್ದಲ್ಲ. ಎಪ್ಪತ್ತು ವರ್ಷದ ಮುದುಕನನ್ನು ಏಳು ವರ್ಷದ ಒಡೆಯರ ಮಗ 'ಏ ದುರುಗಾ' ಎಂದು ಕೂಗಲು ಅನುಕೂಲವಾಗಲೆಂದು. ನಮ್ಮ ಹಿರಿಯರಾದ ಹನುಮಂತಪ್ಪನವರು ಮಿಲ್ಲಿಗೆ ಸೇರಿದಾಗ ಊರಿನ ಈ ಪದ್ಧತಿ ಕ್ಲಾರ್ಕಿನ ಪೆನ್ನಿನಲ್ಲಿ ಕೂತು ಮಿಲ್ಲಿನ ಒಳಗೂ ಬಂತು. ಯಂತ್ರ ಬಂದರೆ ಜಾತಿ ಹೋಗುತ್ತದೆಂದು ಪುಸ್ತಕ ಓದಿದವರು ಹೇಳುತ್ತಿದ್ದರು. ಯಂತ್ರದ ಹಾಜರಿ ಪುಸ್ತಕಕ್ಕೆ ಜಾತಿ ಮೊದಲೇ ಬಂದು ಕೂತಿತ್ತು.

ಈ ಅನ್ಯಾಯಕ್ಕೆ ಕನ್ನಡ ನಾಡಿನಲ್ಲಿ ಒಂದು ಸಲ ದೊಡ್ಡ ಉತ್ತರ ಸಿಕ್ಕಿತ್ತು. ಹನ್ನೆರಡನೆಯ ಶತಮಾನದ ಕಲ್ಯಾಣದ ಶರಣರ ಹೆಸರುಗಳನ್ನು ಒಮ್ಮೆ ಕಿವಿಗೊಟ್ಟು ಕೇಳಿ: ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ, ಮೇದಾರ ಕೇತಯ್ಯ, ಅಂಬಿಗರ ಚೌಡಯ್ಯ, ಮಡಿವಾಳ ಮಾಚಯ್ಯ, ಹಡಪದ ಅಪ್ಪಣ್ಣ, ನುಲಿಯ ಚಂದಯ್ಯ, ಆಯ್ದಕ್ಕಿ ಲಕ್ಕಮ್ಮ. ಚಂದಯ್ಯ ಹಗ್ಗ ಹೊಸೆಯುವವನು. ಲಕ್ಕಮ್ಮನ ಮನೆಯವರು ಬಿದ್ದ ಅಕ್ಕಿಯನ್ನು ಆಯುವವರು. ನೂಲುವ ಖಾತೆಯವರಿಗಾಗಿ ಇನ್ನೊಂದು ಹೆಸರು ಹೇಳಬೇಕು: ಕದಿರ ರೆಮ್ಮವ್ವೆ. ಕದಿರಿನಿಂದ ನೂಲು ತೆಗೆದು ಬದುಕಿದವಳು, ವಚನ ಬರೆದವಳು. ಇವರಾರೂ ಕಸುಬನ್ನು ಮುಚ್ಚಿಡಲಿಲ್ಲ. ಹೆಸರಿನ ತಲೆಯ ಮೇಲೆಯೇ ಕಸುಬನ್ನು ಹೊತ್ತರು, ಬಾಲಕ್ಕೆ ಅಯ್ಯ, ಅಮ್ಮ, ಅವ್ವೆ ಸೇರಿಸಿಕೊಂಡರು. ಬಿಜ್ಜಳನ ಭಂಡಾರಿಯಾಗಿದ್ದ ಬಸವಣ್ಣ ತಾನು ಚೆನ್ನಯ್ಯನ, ಕಕ್ಕಯ್ಯನ ಮನೆಯವನೆಂದು ಹೇಳಿಕೊಂಡ. ದೋಣಿ ನಡೆಸುವವನನ್ನು ಅಯ್ಯ ಎಂದು ಕರೆದದ್ದು ಆ ಕಾಲಕ್ಕೆ ಎಂಥ ಮಾತೆಂಬುದನ್ನು ಊಹಿಸಿ. ಹರಿಹರದಿಂದ ಹೊಳೆ ಇಳಿದು ಹೋದರೆ ರಾಣೆಬೆನ್ನೂರು ತಾಲ್ಲೂಕಿನಲ್ಲಿ ಚೌಡಯ್ಯದಾನಪುರ ಸಿಗುತ್ತದೆ. ರಾಜರ ಹೆಸರಿನ ಊರು ನೂರಾರು ಉಂಟು. ಅಂಬಿಗನ ಹೆಸರಿನ ಊರು ಇನ್ನೆಲ್ಲಿ ಉಂಟು?

ಆದರೆ ಮುಂದೆ ಏನಾಯಿತು ಎಂಬುದನ್ನೂ ಹೇಳಬೇಕು. ಎಲ್ಲರಿಗೂ ಹಂಚಿದ್ದ ಅಯ್ಯ ಎಂಬ ಮಾತು ಕೆಲವು ತಲೆಮಾರಿನಲ್ಲಿ ಮತ್ತೆ ಒಂದು ಮನೆತನದ ಸೊತ್ತಾಯಿತು. 'ಅಯ್ಯನೋರು' ಎಂದರೆ ಇಂದು ಯಾರು ಎಂಬುದು ನಿಮಗೆ ಗೊತ್ತು. ಮಾದಾರ, ಮೇದಾರ, ಮಡಿವಾಳ, ಹಡಪದ ಎಂಬವು ಕಾಯಕದ ಬಿರುದಾಗಿ ಉಳಿಯದೆ ಜಾತಿಯ ಚೀಟಿಗಳಾಗಿ ಉಳಿದವು. ಬಿರುದು ಹಂಚಿದರೆ ಸಾಲದು, ಹೊಲವನ್ನೂ ಬಾವಿಯನ್ನೂ ಹಂಚದಿದ್ದರೆ ಬಿರುದು ಹಳೆಯ ಯಜಮಾನನ ಮನೆಗೇ ವಾಪಸು ಹೋಗುತ್ತದೆ ಎಂದು ನಮಗೆ ತೋರುತ್ತದೆ.

ಇದಕ್ಕೆ ಇನ್ನೊಂದು ಮದ್ದನ್ನು ನೆರೆಯ ತಮಿಳರು ಹಿಡಿದರು. 1929ರಲ್ಲಿ ಚೆಂಗಲ್‌ಪಟ್ಟಿನಲ್ಲಿ ಸೇರಿದ ಸ್ವಾಭಿಮಾನ ಸಮ್ಮೇಳನದಲ್ಲಿ ಪೆರಿಯಾರರ ಸಂಗಡಿಗರು ಹೆಸರಿನ ಹಿಂದಿನ ಜಾತಿಯ ಬಾಲವನ್ನು ಕತ್ತರಿಸುವ ಠರಾವು ಮಾಡಿದರು. ಒಳ್ಳೆಯ ಕೆಲಸವೇ. ಆದರೆ ಒಂದು ಮಾತನ್ನು ಬಿಡಿಸಿ ನೋಡಬೇಕು. ಬಾಲ ಕತ್ತರಿಸುವ ದೊಡ್ಡತನ ತೋರಿಸಲು ಮೊದಲು ಬಾಲ ಇರಬೇಕಲ್ಲ! ರಾವ್, ಶಾಸ್ತ್ರಿ, ದೇಸಾಯಿ ಎಂಬುದನ್ನು ಬಿಟ್ಟವನಿಗೆ ಸಭೆಯಲ್ಲಿ ಚಪ್ಪಾಳೆ. ಹುಟ್ಟಿದಂದಿನಿಂದ 'ಹನುಮ' ಎನ್ನಿಸಿಕೊಂಡವನು ಬಿಡಬೇಕಾದ್ದು ಏನಿದೆ? ಅವನಿಗೆ ಬೇಕಾದದ್ದು ಆ ತಡೆಹಿಡಿದ ಎರಡು ಅಕ್ಷರ. ಆದ್ದರಿಂದ ಜಾತಿಯನ್ನು, ದರ್ಪವನ್ನು ಹೇಳುವ ಬಾಲಗಳು ಹೋಗಲಿ. ಅಪ್ಪ, ಅಮ್ಮ, ಅಣ್ಣ, ಅಕ್ಕ ಎಂಬ ನಂಟಿನ ಬಾಲಗಳು ಹೋಗಬೇಕಾಗಿಲ್ಲ, ಎಲ್ಲರಿಗೂ ಬರಬೇಕು.

ಇದು ಆಗದ ಕನಸೆಂದು ತಿಳಿಯಬೇಡಿ. ತುರ್ಕಿ ದೇಶದಲ್ಲಿ 1934ರಲ್ಲಿ ಪ್ರತಿಯೊಬ್ಬನೂ ಮನೆತನದ ಹೆಸರು ಇಟ್ಟುಕೊಳ್ಳಬೇಕೆಂದು ಕಾಯಿದೆ ಮಾಡಿದರು. ಅದೇ ವರ್ಷ ಪಾಷಾ, ಬೇ, ಎಫೆಂದಿ ಮುಂತಾದ ದೊಡ್ಡಸ್ತಿಕೆಯ ಪದವಿಗಳನ್ನು ರದ್ದುಮಾಡಿದರು. ಕಾಗದದ ಮೇಲೆ ರದ್ದಾದ 'ಬೇ' ಜನರ ಬಾಯಿಂದ ಹೋಗಲಿಲ್ಲ. ಅಲ್ಲಿ ಇಂದು ಚಹದಂಗಡಿಯವನನ್ನೂ ಅಧಿಕಾರಿಯನ್ನೂ ಹೆಸರಿನ ಹಿಂದೆ 'ಬೇ' ಸೇರಿಸಿಯೇ ಮಾತಾಡಿಸುತ್ತಾರೆ. ಪದವಿ ಸಾಯಲಿಲ್ಲ, ಊರಿಗೆಲ್ಲ ಹಂಚಿಹೋಯಿತು.

ನಮ್ಮ ತುಂಗಭದ್ರೆಯ ಸೇತುವೆಯನ್ನೇ ನೋಡಿ. ಈ ಕಡೆ ಹರಿಹರ, ಆ ಕಡೆ ರಾಣೆಬೆನ್ನೂರು ಸೀಮೆ. 1956ರ ನವೆಂಬರ್ 1ರವರೆಗೆ ಈ ದಡ ಮೈಸೂರು, ಆ ದಡ ಮುಂಬಯಿ. ಈ ದಡದಲ್ಲಿ ಊರು ಮತ್ತು ಅಪ್ಪ ಹೆಸರಿನ ಮುಂದೆ ಬಂದು ಇನಿಷಿಯಲ್ ಆಗಿ ಕೂರುತ್ತಾರೆ. ಆ ದಡದಲ್ಲಿ ಮನೆತನದ ಹೆಸರು ಹಿಂದೆ ಬರುತ್ತದೆ: ಬಡಿಗೇರ, ಪತ್ತಾರ, ಹೂಗಾರ, ಬೆಲ್ಲದ, ಜವಳಿ, ಅಕ್ಕಿ, ಮೆಣಸಿನಕಾಯಿ, ಉಳ್ಳಾಗಡ್ಡಿ. ಹುಬ್ಬಳ್ಳಿಯ ಪೇಟೆಯಲ್ಲಿ ಹಾಜರಿ ಕರೆದರೆ ಅರ್ಧ ಕಿರಾಣಿ ಸಾಮಾನು ಬಂದು ನಿಲ್ಲುತ್ತದೆ. ನಮ್ಮ ಕಡೆಯ ಪ್ರಸಿದ್ಧರೆಲ್ಲ ತಮ್ಮ ಹಳ್ಳಿಯನ್ನು ಹೆಸರಿನಲ್ಲಿ ಹೊತ್ತು ತಿರುಗಿದವರು: ಕೊಂಡಜ್ಜಿ ಬಸಪ್ಪ, ರಾಜನಹಳ್ಳಿ ಹನುಮಂತಪ್ಪ, ಶಾಮನೂರು ಶಿವಶಂಕರಪ್ಪ. ಮುಖ್ಯಮಂತ್ರಿಯಾಗಿದ್ದ ನಿಜಲಿಂಗಪ್ಪನವರ 'ಎಸ್' ಎಂಬುದು ಸಿದ್ದವ್ವನಹಳ್ಳಿ. ಯಾವಳೋ ಒಬ್ಬ ಸಿದ್ದವ್ವ ಒಂದು ಹಳ್ಳಿಗೆ ಹೆಸರು ಕೊಟ್ಟಳು, ಹಳ್ಳಿ ಒಬ್ಬ ಮುಖ್ಯಮಂತ್ರಿಗೆ ಅಕ್ಷರ ಕೊಟ್ಟಿತು. ಕಾಗೋಡು ಸತ್ಯಾಗ್ರಹದ ಶಾಂತವೇರಿ ಗೋಪಾಲಗೌಡರ ಹೆಸರಿನಲ್ಲಿಯೂ ಮೊದಲು ಊರು. ಈ ರಾಜ್ಯಕ್ಕೆ ಒಬ್ಬ ಅರಸನ ಪಟ್ಟಣದ ಹೆಸರು ಬೇಡ, ಕರ್ನಾಟಕ ಎಂಬ ಜನರ ಹೆಸರು ಬೇಕು ಎಂದು ವಾದಿಸಿದವರಲ್ಲಿ ಅವರು ಮುಂದಾಳು. 1972ರಲ್ಲಿ ತೀರಿಕೊಂಡರು, ಹೆಸರು ಬದಲಾದದ್ದು 1973ರ ನವೆಂಬರ್ 1ರಂದು. ತಾನು ಕೇಳಿದ ಹೆಸರನ್ನು ಕೇಳುವ ಪುಣ್ಯ ಅವರಿಗೆ ಸಿಗಲಿಲ್ಲ.

ಹುದ್ದೆಯಿಂದ ಬಂದ ಹೆಸರುಗಳೂ ಉಂಟು: ಪಟೇಲ, ಶಾನುಭೋಗ, ಕುಲಕರ್ಣಿ, ತಳವಾರ, ತೋಟಿ, ನೀರಗಂಟಿ. ವಂಶದಿಂದ ಬರುವ ಈ ಹುದ್ದೆಗಳನ್ನು 1961ರ ಕಾಯಿದೆ ರದ್ದುಮಾಡಿತು. ಹುದ್ದೆ ಹೋಯಿತು, ಹೆಸರು ಉಳಿಯಿತು. ಸಮಾಜವಾದಿಯಾಗಿ ಬೆಳೆದು, 1967ರಲ್ಲಿ ಲೋಕಸಭೆಗೆ ಹೋಗಿ ಅಲ್ಲಿ ಮೊದಲ ಸಲ ಕನ್ನಡದಲ್ಲಿ ಮಾತಾಡಿದ, ಮುಂದೆ ಮುಖ್ಯಮಂತ್ರಿಯಾಗಿ 1997ರಲ್ಲಿ ನಮಗೆ ದಾವಣಗೆರೆ ಜಿಲ್ಲೆ ಕೊಟ್ಟ ಜೆ. ಎಚ್. ಪಟೇಲರ ಹೆಸರಿನಲ್ಲಿಯೇ ಆ ಹಳೆಯ ಗೌಡಿಕೆ ಕೂತಿತ್ತು! ಪಟೇಲನ ಹೆಸರು ಉಳಿದರೆ ಗೌರವ, ತೋಟಿಯ ಹೆಸರು ಉಳಿದರೆ ಅವಮಾನ. ಇಬ್ಬರ ಹುದ್ದೆಯನ್ನೂ ರದ್ದುಮಾಡಿದ್ದು ಒಂದೇ ಕಾಯಿದೆ.

ಒಬ್ಬೊಬ್ಬರ ಹೆಸರಿನಂತೆ ಇಡೀ ಜನದ ಹೆಸರನ್ನೂ ಬೇರೆಯವರೇ ಬರೆದರು. ನಾವು ಲಂಬಾಣಿ ಎನ್ನುವ ಜನ ತಮ್ಮನ್ನು 'ಗೋರ್' ಎಂದು ಕರೆದುಕೊಳ್ಳುತ್ತಾರೆ, ನಮ್ಮನ್ನು 'ಕೋರ್' ಎನ್ನುತ್ತಾರೆ. ಅವರ ಗುರು ಸೇವಾಲಾಲರ ಸೂರಗೊಂಡನಕೊಪ್ಪ ನಮ್ಮ ಜಿಲ್ಲೆಯಲ್ಲಿಯೇ ಇದೆ, ಆದರೂ ನಮ್ಮಲ್ಲಿ ಎಷ್ಟು ಮಂದಿಗೆ ಈ ಎರಡು ಮಾತು ಗೊತ್ತು? ಹರಿಜನ ಎಂಬ ಹೆಸರನ್ನು ಗಾಂಧೀಜಿ ಕರುಣೆಯಿಂದಲೇ ಕೊಟ್ಟರು, 1933ರಲ್ಲಿ ಆ ಹೆಸರಿನಿಂದ ಪತ್ರಿಕೆಯನ್ನೂ ತೆಗೆದರು. ಆದರೆ 1938ರಲ್ಲಿ ಮುಂಬಯಿ ಶಾಸನಸಭೆಯಲ್ಲಿ ಆ ಹೆಸರನ್ನು ಕಾಯಿದೆಯಲ್ಲಿ ಸೇರಿಸಹೊರಟಾಗ ಅಂಬೇಡ್ಕರರೂ ಅವರ ಪಕ್ಷದವರೂ ಎದ್ದು ಹೊರಗೆ ನಡೆದರು. ಹೆಸರು ಚೆನ್ನಾಗಿದೆಯೇ ಇಲ್ಲವೇ ಎಂಬುದು ಅಲ್ಲಿ ಪ್ರಶ್ನೆಯಾಗಿರಲಿಲ್ಲ. ನಮ್ಮನ್ನು ಕೇಳಿದಿರಾ ಎಂಬುದು ಪ್ರಶ್ನೆ. ಹಾಜರಿ ಪುಸ್ತಕದ ಮುಂದೆ ನಿಂತ ಹನುಮಂತಪ್ಪನವರದೂ ಅದೇ ಪ್ರಶ್ನೆ ಅಲ್ಲವೆ? 'ದಲಿತ' ಎಂಬುದು ಆ ಜನ ತಾವೇ ಎತ್ತಿ ಹಿಡಿದ ಹೆಸರು, ಆದ್ದರಿಂದ ನಿಂತಿದೆ.

ಇದರಲ್ಲಿ ಅನ್ನದ ಪ್ರಶ್ನೆಯೂ ಉಂಟು. ಪರಿಶಿಷ್ಟ ಪಂಗಡದ ಪಟ್ಟಿಯಲ್ಲಿ 'ನಾಯ್ಕಡ' ಎಂಬ ಹೆಸರಿನ ಜೊತೆಗೆ ನಾಯಕ, ಬೇಡ, ವಾಲ್ಮೀಕಿ ಎಂಬ ಹೆಸರುಗಳು ಸೇರಿದ್ದು 1991ರಲ್ಲಿ. ಅಲ್ಲಿಯವರೆಗೆ ಅದೇ ಜನ, ಅದೇ ಬಡತನ. ಪಟ್ಟಿಯಲ್ಲಿ ಅವರು ತಮ್ಮನ್ನು ಕರೆದುಕೊಳ್ಳುವ ಹೆಸರು ಇರಲಿಲ್ಲ, ಅಷ್ಟೆ. 2020ರಲ್ಲಿ ಪರಿವಾರ, ತಳವಾರ ಎಂಬ ಹೆಸರುಗಳೂ ಸೇರಿದವು. ಆಗ ಹೊಸ ತೊಡಕು. ತಳವಾರಿಕೆ ಊರ ಕಾವಲಿನ ಹುದ್ದೆ; ಸೀಮೆ ಸೀಮೆಗೆ ಬೇರೆ ಬೇರೆ ಜನ ಅದನ್ನು ಮಾಡಿದವರು. ಪ್ರಮಾಣಪತ್ರ ಕೇಳಲು ಹೋದವನಿಗೆ 'ನೀನು ಯಾವ ತಳವಾರ?' ಎಂಬ ಪ್ರಶ್ನೆ ಎದುರಾಯಿತು. 2025ರ ಸೆಪ್ಟೆಂಬರಿನಲ್ಲಿ ಸಮೀಕ್ಷೆಯವರು ಮನೆ ಮನೆಗೆ ಬಂದಾಗ ಜಾತಿಯ ಕಾಲಂನಲ್ಲಿ ಏನು ಬರೆಸಬೇಕೆಂದು ಎಷ್ಟು ಸಭೆ, ಎಷ್ಟು ಕರಪತ್ರ, ಎಷ್ಟು ಜಗಳ ನಡೆಯಿತು ಎಂಬುದನ್ನು ನೀವೇ ಕಂಡಿರಿ. ಅದನ್ನು ನೋಡಿ ನಕ್ಕವರು ಯಾವ ಪಟ್ಟಿಯ ಹಂಗೂ ಬೇಕಾಗಿಲ್ಲದವರು.

ಈಗಿನ ಮಕ್ಕಳ ಹೆಸರಿನಲ್ಲಿ ಅಪ್ಪನೂ ಇಲ್ಲ, ಅಯ್ಯನೂ ಇಲ್ಲ. ಕಿರಣ, ಮನೋಜ, ಸಂಜನಾ, ಪ್ರಜ್ವಲ. ಹೆಸರು ಕೇಳಿ ಕೇರಿ ಹೇಳಲು ಬರುವುದಿಲ್ಲ. ಇದನ್ನು ನಾವು ಒಳ್ಳೆಯದೆಂದೇ ಎಣಿಸುತ್ತೇವೆ. ಆದರೆ ಪೇಟೆಯಲ್ಲಿ ಬಾಡಿಗೆ ಮನೆ ಕೇಳಲು ಹೋದ ಹುಡುಗನಿಗೆ ಏನು ಕೇಳುತ್ತಾರೆ? ಹೆಸರು ಕೇಳುತ್ತಾರೆ, ಅಪ್ಪನ ಹೆಸರು ಕೇಳುತ್ತಾರೆ, ಊರು ಕೇಳುತ್ತಾರೆ. ಯಾವುದರಿಂದಲೂ ತಿಳಿಯದಿದ್ದರೆ ಮೆಲ್ಲಗೆ, 'ನಿಮ್ದು ಯಾವ ಪೈಕಿ?' ಎನ್ನುತ್ತಾರೆ.

ಹೆಣ್ಣುಮಕ್ಕಳ ಹೆಸರಿನ ಪಾಡನ್ನು ಹೇಳಹೋದರೆ ಇನ್ನೊಂದು ಸಂಜೆ ಬೇಕು. ಕಾಗದದಲ್ಲಿ ಗಂಡಿಗೆ 'ಬಿನ್', ಹೆಣ್ಣಿಗೆ 'ಕೋಂ'. ಮದುವೆಯ ತನಕ ಅಪ್ಪನ ಇನಿಷಿಯಲ್, ಆಮೇಲೆ ಗಂಡನದು. ತಾಯಿಯ ಹೆಸರು ಎಲ್ಲಿಯೂ ಇಲ್ಲ. ಬೇಂದ್ರೆಯವರು ತಮ್ಮ ಕವಿತೆಗಳಿಗೆ 'ಅಂಬಿಕಾತನಯದತ್ತ' ಎಂದು ತಾಯಿಯ ಮಗನಾಗಿ ಸಹಿ ಹಾಕಿದ್ದು ನಮ್ಮಲ್ಲಿ ಅಪರೂಪವಾಯಿತು. 2013ರ ಆಹಾರ ಭದ್ರತಾ ಕಾಯಿದೆ ರೇಶನ್ ಕಾರ್ಡಿನಲ್ಲಿ ಮನೆಯ ಹಿರಿಯ ಹೆಂಗಸನ್ನೇ ಯಜಮಾನಿ ಎಂದಿತು. 2023ರಲ್ಲಿ ಗೃಹಲಕ್ಷ್ಮಿಯ ಎರಡು ಸಾವಿರ ರೂಪಾಯಿ ಆ ಹೆಸರಿಗೇ ಬರುವಂತಾಯಿತು. ಆಗ ಎಷ್ಟೋ ಮನೆಗಳಲ್ಲಿ ಮೊದಲ ಸಲ ಅಜ್ಜಿಯ ಹೆಸರೇನೆಂದು ಹುಡುಕಾಡಿದರು. ಕಾರ್ಡಿನಲ್ಲಿ 'ಗೌರಮ್ಮ', ಬ್ಯಾಂಕಿನಲ್ಲಿ 'ಗೌರವ್ವ'. ನಲವತ್ತು ವರ್ಷ 'ಲೇ ಇವಳೇ' ಎಂದು ಕರೆಸಿಕೊಂಡವಳ ಎರಡು ಹೆಸರಿನ ನಡುವೆ ಎರಡು ಸಾವಿರ ರೂಪಾಯಿ ನಿಂತುಬಿಟ್ಟಿತು.

ಮಿಲ್ಲಿಗೆ ಮರಳೋಣ. ಮಿಲ್ಲಿನವರಿಗೆ 'ಬದ್ಲಿ' ಎಂಬ ಮಾತು ಹೊಸತಲ್ಲ. ಖಾಯಂ ಆಳು ಬರದಿದ್ದರೆ ಅವನ ಜಾಗದಲ್ಲಿ ನಿಲ್ಲುವವನು ಬದ್ಲಿ. ಗೇಟಿನ ಹೊರಗೆ ಕಾಯುವುದು, ಇನ್ನೊಬ್ಬನ ಯಂತ್ರ ನಡೆಸುವುದು. ಹೀಗೆ ಬದ್ಲಿಯಾಗಿ ಕೂದಲು ನೆರೆತವರು ಎಷ್ಟೋ ಮಂದಿ. ಒಳಗೆ ಹೋದವನಿಗೂ ಹೆಸರಿಗಿಂತ ಟೋಕನ್ ನಂಬರೇ ಮುಖ್ಯ. ಈಗ ಬೆಂಗಳೂರಿನ ಕಂಪನಿಯ ಹುಡುಗನ ಕೊರಳಲ್ಲಿಯೂ ಕಾರ್ಡು ಜೋತಾಡುತ್ತದೆ, ಅದರಲ್ಲಿಯೂ ನಂಬರು. ಅಮೆರಿಕಕ್ಕೆ ಹೋದ ನಮ್ಮ ಹುಡುಗರದು ಮತ್ತೊಂದು ತಮಾಷೆ. ಅಲ್ಲಿಯ ಫಾರಮ್ಮಿಗೆ ಎರಡು ಹೆಸರು ಬೇಕು. ಒಂದೇ ಹೆಸರಿನ ಪಾಸ್‌ಪೋರ್ಟು ತೋರಿಸಿದರೆ ಇನ್ನೊಂದು ಮನೆಯಲ್ಲಿ 'ಹೆಸರು ತಿಳಿಯದು' ಎಂಬರ್ಥದ ಎಫ್‌ಎನ್‌ಯು ಎಂಬ ಮೂರು ಅಕ್ಷರ ತುಂಬುತ್ತಾರೆ. ಕೆಲವರು ಅದನ್ನೇ ಹೆಸರೆಂದು ಕರೆಯುವುದೂ ಉಂಟಂತೆ. ಐಸ್‌ಲೆಂಡ್ ದೇಶದವರು ಮಾತ್ರ ನಮ್ಮ ಹಾಗೆ ಅಪ್ಪನ ಹೆಸರನ್ನೇ ಸೇರಿಸಿಕೊಂಡು, ಮನೆತನದ ಹೆಸರಿಲ್ಲದೆ ಸುಖವಾಗಿದ್ದಾರೆ. ಫಾರಂ ಅವರ ಪದ್ಧತಿಗೆ ತಕ್ಕಂತೆ ಇದೆ. ಫಾರಮ್ಮಿಗೆ ತಕ್ಕಂತೆ ಅವರು ಹೆಸರು ತಿರುಚಿಕೊಳ್ಳಲಿಲ್ಲ.

ಈಗ ಕೆಲಸದ ಮಾತು. ಮನೆಯಲ್ಲಿ ಹಸುಗೂಸು ಇರುವವರು ಕೇಳಿ. ಜನನದ ನೋಂದಣಿಯಲ್ಲಿ ಮಗುವಿನ ಹೆಸರನ್ನು ಹನ್ನೆರಡು ತಿಂಗಳೊಳಗೆ ಶುಲ್ಕವಿಲ್ಲದೆ ಸೇರಿಸಬಹುದು, ಶುಲ್ಕ ಕೊಟ್ಟು ಹದಿನೈದು ವರ್ಷದ ತನಕ ಸೇರಿಸಬಹುದು. 2023ರ ಅಕ್ಟೋಬರ್ 1ರಿಂದೀಚೆಗೆ ಹುಟ್ಟಿದ ಮಕ್ಕಳಿಗೆ ಶಾಲೆ, ಆಧಾರ್, ಕೆಲಸ ಎಲ್ಲಕ್ಕೂ ಹುಟ್ಟಿದ ದಿನಕ್ಕೆ ಆ ಕಾಗದವೇ ಆಧಾರ. ಆದ್ದರಿಂದ ಮೊದಲ ಸಲವೇ ನೀವು ಹೇಳಿದ ಹೆಸರು, ನೀವು ಹೇಳಿದ ಅಕ್ಷರದಲ್ಲಿ ಬರೆದಿದ್ದಾರೆಯೇ ಎಂದು ಓದಿಸಿ ನೋಡಿ. ಕೂಗಿ ಹೇಳಿ, ಬರೆದದ್ದನ್ನು ತಿರುಗಿ ಓದಿಸಿ. ಇದಕ್ಕೆ ಸಂಕೋಚ ಬೇಡ. ನಮ್ಮ ವ್ಯಾಪಾರಿ ಮಿತ್ರರಿಗೂ ಒಂದು ಮಾತು. ನಿಮ್ಮ ಉದ್ರಿ ಪುಸ್ತಕದಲ್ಲಿ 'ಕುಂಟ ಬಸ್ಯಾ', 'ಕೇರಿ ದುರುಗಿ' ಎಂದು ಬರೆದಿರುವುದನ್ನು ನಾವು ಕಂಡಿದ್ದೇವೆ. ಆ ದುರುಗಿ ತಿಂಗಳ ಕೊನೆಗೆ ತಪ್ಪದೆ ಬಾಕಿ ಕೊಡುವವಳು. ದುರುಗಮ್ಮ ಎಂದು ಬರೆದರೆ ನಿಮ್ಮ ಪುಸ್ತಕಕ್ಕೆ ಏನೂ ನಷ್ಟವಿಲ್ಲ.

ಹನುಮಂತಪ್ಪನವರ ಕಾಗದ ಇನ್ನೂ ಮುಗಿದಿಲ್ಲ. ಅರ್ಜಿಯನ್ನು ಹೊಸದಾಗಿ ಬರೆಯುವಾಗ ಹೆಸರಿನ ಮನೆಯ ಮುಂದೆ ಪೆನ್ನು ನಿಲ್ಲಿಸಿ, "ಏನಂತ ಬರೆಯೋಣ ಅಜ್ಜಾ?" ಎಂದು ಕೇಳಿದೆವು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹನುಮಂತಪ್ಪ ಅಂತ ಬರೀರಿ. ನಮ್ಮವ್ವ ಹಂಗೇ ಕರೀತಿದ್ಲು" ಎಂದರು. ಹಾಗೆಯೇ ಬರೆದಿದ್ದೇವೆ. ಅವರಂಥವರು ಈ ಲೋಕಿಕೆರೆಯಲ್ಲಿಯೂ ಇದ್ದಾರೆಂದು ನಮಗೆ ಗೊತ್ತು. ಬರುವ ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಇಲ್ಲಿಯೇ ಕೂರುತ್ತೇವೆ. ಹಾಜರಿ ಚೀಟಿ, ಬ್ಯಾಂಕಿನ ಪುಸ್ತಕ, ಆಧಾರ್, ರೇಶನ್ ಕಾರ್ಡು ಏನಿದೆಯೋ ಅದನ್ನು ತನ್ನಿ. ಹೆಂಗಸರೂ ತಮ್ಮ ಕಾಗದ ತಾವೇ ತರಲಿ. ಶಾಲೆಯ ಸರ್ಟಿಫಿಕೇಟು ಇಲ್ಲದವರು ಬರಿಗೈಯಲ್ಲಿಯೇ ಬನ್ನಿ, ಅಲ್ಲಿಂದಲೇ ಶುರುಮಾಡೋಣ.